ಮೂರಿದ್ದರೂ ಒಂದೇ

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆ ಈ ಕ್ಯಾಂಟೀನಿನ ಸಾಂಬಾರು ಹಳಸಿಹೋಗಲಿ, ಅಷ್ಟನ್ನೂ ನಾನೊಬ್ಬನೇ ಕುಡಿಯುತ್ತೇನೆ. ಇದಕ್ಕಿಂತ ದೊಡ್ಡ ಆಣೆ ನನ್ನ ಹತ್ತಿರ ಇಲ್ಲ. ದೇವರ ಮೇಲೆ ಇಡಬಹುದಿತ್ತು, ಆದರೆ ದೇವರು ನನ್ನ ಅಡುಗೆ ತಿನ್ನುವುದಿಲ್ಲ, ಅವನಿಗೇನು ನಷ್ಟ? ಕೂತುಕೊಳ್ಳಿ ಹರಿಣಾಕ್ಷಿಯವರೇ. ಎರಡನೆಯ ಎಲೆಕ್ಟ್ರಿಕಲ್ ಸೂಪರಿಂಟೆಂಡೆಂಟ್ ಕೆಲಸಕ್ಕೆಂದು ಬಂದವರನ್ನು ಈಗಿರುವ ಸೂಪರಿಂಟೆಂಡೆಂಟ್ ಮಂದಾಕಿನಿ ಮೇಡಂ ಮೊದಲು ನನ್ನ ಹತ್ತಿರವೇ ಕಳಿಸುತ್ತಾರೆ. "ಸಿದ್ದರಾಜು, ಇರೋದನ್ನ ಇದ್ದ ಹಾಗೆ ಹೇಳು. ಕೇಳಿದ್ಮೇಲೂ ಇರ್ತೀನಿ ಅಂದ್ರೆ ಒಳಗೆ ಕಳ್ಸು, ಇಲ್ಲಾಂದ್ರೆ ಊಟ ಹಾಕಿ ಕಳ್ಸು" ಎನ್ನುತ್ತಾರೆ. ಇಲ್ಲಿಯವರೆಗೆ ನಾನು ಊಟ ಹಾಕಿ ಕಳಿಸಿದ್ದೇ ಹೆಚ್ಚು. ಕೆಲವರು ಉಳಿದರು, ಅವರನ್ನು ಆಮೇಲೆ ಮೇಡಂ ಅವರೇ ಕಳಿಸಿದರು. ಯಾಕೆ ಎನ್ನುವುದೂ ಮುಂದೆ ಬರುತ್ತದೆ. ಸರಿಯಾದ ಒಬ್ಬರು ಸಿಗುವ ತನಕ ಮೇಡಂಗೆ ನಿದ್ದೆ ಇಲ್ಲ. ಇದನ್ನು ನಾನು ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಇಲ್ಲ.

ಮೊದಲು ಇಡ್ಲಿ ತಿನ್ನಿ. ಒಂದು ಉದ್ದ, ಒಂದು ಚಪ್ಪಟೆ, ಒಂದಕ್ಕೆ ಮೂಗಿನ ಹಾಗೆ ಮುಂದೆ ಚಾಚಿಕೊಂಡಿದೆ ಎಂದು ನಗಬೇಡಿ. ಅದು ನನ್ನ ಕೈಯ ದೋಷವಲ್ಲ, ಈ ಊರಿನ ಪದ್ಧತಿ. ಇಲ್ಲಿ ಎರಡು ವಸ್ತು ಒಂದೇ ಥರ ಇದ್ದರೆ ಒಂದಕ್ಕಾದದ್ದು ಇನ್ನೊಂದಕ್ಕೂ ಆಗುತ್ತದೆ. ಅಷ್ಟೇ. ಯಾಕೆ ಎಂದು ನಮ್ಮಜ್ಜನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಅಚ್ಚಿನ ಇಡ್ಲಿ ಬಡಿಸಿದರೆ ಒಬ್ಬ ಕಚ್ಚಿದ್ದಕ್ಕೆ ಎಲ್ಲರ ತಟ್ಟೆಯಲ್ಲೂ ಹಲ್ಲಿನ ಗುರುತು ಬೀಳುತ್ತದೆ, ಗಿರಾಕಿಗಳು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಅದಕ್ಕೇ ನಮ್ಮ ಪೇಟೆಯಲ್ಲಿ ಪಾತ್ರೆ ಅಂಗಡಿಯ ಪಕ್ಕದಲ್ಲಿ ಸೊಟ್ಟ ಮಾಡುವ ಅಂಗಡಿ ಇರುತ್ತದೆ. ಹೊಸ ಲೋಟ ಕೊಂಡವರು ನೇರ ಅಲ್ಲಿಗೆ ಹೋಗಿ, ಒಂದಕ್ಕೆ ಇಲ್ಲಿ ಒಂದು ಗುದ್ದು, ಇನ್ನೊಂದಕ್ಕೆ ಅಲ್ಲಿ ಒಂದು ಗುದ್ದು ಹಾಕಿಸಿಕೊಂಡೇ ಮನೆಗೆ ಹೋಗುವುದು. ಎಡಗಾಲಿನ ಚಪ್ಪಲಿ ಒಬ್ಬನ ಹತ್ತಿರ, ಬಲಗಾಲಿನದು ಇನ್ನೊಬ್ಬನ ಹತ್ತಿರ ಹೊಲಿಸುತ್ತೇವೆ. ಒಮ್ಮೆ ಯಾರೋ ಹೊಸ ಹೆಡ್‌ಮಾಸ್ತರು ಬಂದು ಶಾಲೆಯ ಮಕ್ಕಳಿಗೆಲ್ಲ ಯೂನಿಫಾರಂ ಹಾಕಿಸಿದರು. ಮೊದಲ ಬೆಂಚಿನ ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡಿತು. ಆ ಹೆಡ್‌ಮಾಸ್ತರು ಅದೇ ವಾರ ವರ್ಗ ಮಾಡಿಸಿಕೊಂಡರು.

ಅಕ್ಕಿಕಾಳಿನ ಗತಿ ಏನು ಎಂದು ಕೇಳಿದಿರಲ್ಲ, ಒಳ್ಳೆಯ ಪ್ರಶ್ನೆ, ಹಿಂದೆ ಬಂದವರು ಯಾರೂ ಕೇಳಲಿಲ್ಲ. ಸರಿಯಾಗಿ ನೋಡಿದರೆ ಎರಡು ಅಕ್ಕಿಕಾಳು ಒಂದೇ ಥರ ಇರುವುದಿಲ್ಲ. ದೇವರು ಅಚ್ಚು ಇಟ್ಟುಕೊಂಡಿಲ್ಲ. ತೊಂದರೆಯೆಲ್ಲ ಅಚ್ಚು ಇಟ್ಟುಕೊಂಡ ಮನುಷ್ಯನಿಂದ. ಇದರಲ್ಲಿ ನಮಗೇನೂ ಹೆಚ್ಚುಗಾರಿಕೆ ಇಲ್ಲ, ದಣಿವಿದೆ ಅಷ್ಟೇ. ಪ್ರತಿಯೊಂದನ್ನೂ ಬೇರೆ ಮಾಡುತ್ತಾ ಕೂರುವುದು ಬಹಳ ಸುಸ್ತಿನ ಕೆಲಸ. ಹೊರಗಿನವರು ಒಂದು ಡಜನ್ ತಟ್ಟೆ ತಂದು ಕಪಾಟಿನಲ್ಲಿಟ್ಟು ಮರೆತುಬಿಡುತ್ತಾರೆ ಎಂದು ಕೇಳಿದಾಗ ನಮಗೆ ಹೊಟ್ಟೆ ಉರಿಯುತ್ತದೆ.

ಇಂಥ ಊರಿಗೆ ಅಣುಸ್ಥಾವರ ಬಂತು. ನೀರಿತ್ತು, ಬಂಡೆಯಿತ್ತು, ಬಂತು. ಇಂಜಿನಿಯರಾದ ನಿಮಗೆ ಗೊತ್ತಿರುವುದನ್ನೇ ಇಡ್ಲಿ ಬೇಯಿಸುವವನ ಬಾಯಲ್ಲಿ ಕೇಳಿ, ಬೇಜಾರು ಮಾಡಿಕೊಳ್ಳಬೇಡಿ. ಸ್ಥಾವರ ಊರಿಗೆಲ್ಲ ಕರೆಂಟು ಕೊಡುತ್ತದೆ, ಆದರೆ ತನ್ನ ಹೊಟ್ಟೆ ತಂಪಾಗಿಟ್ಟುಕೊಳ್ಳಲು ಅದಕ್ಕೂ ಕರೆಂಟು ಬೇಕು. ನಿಲ್ಲಿಸಿದರೂ ಒಳಗಿನ ಕಾವು ನಿಲ್ಲುವುದಿಲ್ಲ. ಒಲೆ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಉಳಿಯುತ್ತದಲ್ಲ, ಹಾಗೆ, ದಿನಗಟ್ಟಲೆ. ಆ ಕಾವಿನ ಮೇಲೆ ನೀರು ಹರಿಯುತ್ತಲೇ ಇರಬೇಕು. ನೀರಿಗೆ ಪಂಪು, ಪಂಪಿಗೆ ಕರೆಂಟು. ಹೊರಗಿನ ಲೈನು ಹೋದರೆ ಸ್ಥಾವರದ್ದೇ ಜನರೇಟರು ತಾನಾಗಿ ಏಳಬೇಕು. ಅದು ಏಳದಿದ್ದರೆ ಬ್ಯಾಟರಿಗಳು ದೀಪ ಉರಿಸುತ್ತವೆ, ಮೀಟರು ತೋರಿಸುತ್ತವೆ, ದೊಡ್ಡ ಪಂಪು ಎಳೆಯುವ ದಮ್ಮು ಅವಕ್ಕಿಲ್ಲ. ಆಮೇಲೆ ಏನಾಗುತ್ತದೆ ಎಂಬುದನ್ನು ಈ ಊರಿನಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಕರೆಂಟಿನ ವ್ಯವಸ್ಥೆಯನ್ನು ಇನ್ನಷ್ಟು ಭದ್ರ ಮಾಡಬೇಕು ಎಂದು ಕೇಂದ್ರ ಕಚೇರಿಯವರು ತೀರ್ಮಾನ ಮಾಡಿ, ಇದ್ದ ಒಂದು ಹಳೇ ಜನರೇಟರ್ ತೆಗೆಸಿ ಮೂರು ಹೊಸ ಡೀಸೆಲ್ ಜನರೇಟರ್ ಕಳಿಸಿದರು. ಜೊತೆಗೆ ಶೆಣೈ ಎನ್ನುವ ಹಿರಿಯ ಅಧಿಕಾರಿಯೂ ಬಂದರು. ಲಾರಿಗಳು ಪೇಟೆಯ ನಡುವೆ ಹಾದುಹೋಗುವಾಗ ಜನ ಅಂಗಡಿ ಬಿಟ್ಟು ಹೊರಗೆ ಬಂದು ನಿಂತರು. ಮೂರೂ ಒಂದೇ ಬಣ್ಣ, ಒಂದೇ ಎತ್ತರ. ಸೊಟ್ಟ ಮಾಡುವ ಅಂಗಡಿಯವನು ಸುತ್ತಿಗೆ ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತವನು ಬಾಯಿ ಮುಚ್ಚಲಿಲ್ಲ.

ಮಂದಾಕಿನಿ ಮೇಡಂ ಆಗ ಈಗಿನಷ್ಟು ಸುಸ್ತಾಗಿರಲಿಲ್ಲ, ಆದರೂ ಸುಸ್ತಾಗಿಯೇ ಇದ್ದರು. ಯಂತ್ರಗಳ ಸುತ್ತ ಒಂದು ಸುತ್ತು ಹಾಕಿ ಬಂದು, "ಇದು ಮೂರಲ್ಲ ಸರ್, ಒಂದು" ಎಂದರು.

"ಎಂತ ಮಾರಾಯ್ರೆ, ಒಂದು ಕೈಕೊಟ್ರೆ ಇನ್ನೆರಡು ಉಂಟಲ್ಲ? ಅದಕ್ಕೇ ಅಲ್ವಾ ಮೂರು ತಂದದ್ದು?" ಎಂದರು ಶೆಣೈ.

ಮೇಡಂ ವಾದ ಮಾಡಲಿಲ್ಲ. ವಾದಕ್ಕೂ ಶಕ್ತಿ ಬೇಕಲ್ಲ. ನನ್ನ ಕಡೆ ತಿರುಗಿ, "ಸಿದ್ದರಾಜು, ಅಚ್ಚಿನಲ್ಲಿ ಎರಡು ಇಡ್ಲಿ ಬೇಯ್ಸು" ಎಂದರು. ಎಷ್ಟೋ ವರ್ಷಗಳ ಮೇಲೆ ನಾನು ಅಚ್ಚಿನ ಇಡ್ಲಿ ಬೇಯಿಸಿದೆ. ಎರಡು ತಟ್ಟೆಯಲ್ಲಿ ಎರಡನ್ನು ಇಟ್ಟು, ಒಂದನ್ನು ಶೆಣೈಯವರ ಮುಂದೆ, ಇನ್ನೊಂದನ್ನು ಮೇಜಿನ ಆ ತುದಿಯಲ್ಲಿ ಇಟ್ಟೆ. ಶೆಣೈಯವರು ಚಮಚ ಬೇಡ ಎಂದು ಕೈಯಲ್ಲೇ ಎತ್ತಿ ಕಚ್ಚಿದರು. ಆ ತುದಿಯ ಇಡ್ಲಿಯಲ್ಲಿ ಅವರ ಮುಂದಿನ ಹಲ್ಲಿನ ಸಂದು ಸಮೇತ ಗುರುತು ಬಿತ್ತು. ಅವರು ಜಗಿಯುವುದನ್ನು ನಿಲ್ಲಿಸಿದರು. ಆ ಕಡೆ ಹೋಗಿ ಅದನ್ನು ತಿರುಗಿಸಿ ನೋಡಿದರು. ಬಂದು ಇನ್ನೊಂದು ಸಲ ಕಚ್ಚಿದರು, ಮತ್ತೆ ನೋಡಿದರು. ಹೀಗೆ ಇಡ್ಲಿ ಎರಡೂ ಮುಗಿದವು, ತಿಂದದ್ದು ಒಂದೇ.

"ಇದನ್ನು ರಿಪೋರ್ಟಿನಲ್ಲಿ ಎಂತ ಅಂತ ಬರೆಯುದು?" ಎಂದರು ಕೊನೆಗೆ.

"ಏನೂ ಬರೀಬೇಡಿ ಸರ್. ಎರಡನ್ನ ವಾಪಸ್ ಕಳ್ಸಿ, ಬೇರೆ ಥರದ್ದು ತರ್ಸಿ."

ಶೆಣೈಯವರನ್ನು ನಾನು ಆವತ್ತಿನಿಂದ ಮೆಚ್ಚಿದೆ. ಕೈ ಒರೆಸಿಕೊಳ್ಳುತ್ತಾ ಅವರು ಹೇಳಿದರು: "ಹೊರಗೆಯೂ ಹೀಗೇ ಆಗುದು ಮಾರಾಯ್ರೆ. ಒಂದೇ ಕಂಪನಿಯ ಮಾಲು, ಒಂದೇ ಕಡೆ ದೋಷ, ಎಲ್ಲ ಒಟ್ಟಿಗೆ ಕೈಕೊಡ್ತದೆ. ಅಲ್ಲಿ ಸ್ವಲ್ಪ ನಿಧಾನ. ನಿಮ್ಮಲ್ಲಿ ಕೂಡಲೇ ಆಗ್ತದೆ, ಅಷ್ಟೇ ವ್ಯತ್ಯಾಸ."

ಮೂರರಲ್ಲಿ ಒಂದನ್ನು ಉಳಿಸಿಕೊಂಡರು. ಅದು ಎದ್ದರೆ ಗೋಡೆ ನಡುಗುವಂತೆ ಗುಡುಗುತ್ತಿತ್ತು, ಅದಕ್ಕೆ ದುಂಡ ಎಂದು ಹೆಸರಾಯಿತು. ಎರಡನೆಯದು ಗ್ಯಾಸ್ ಟರ್ಬೈನ್, ಕಿವಿ ತೂತಾಗುವ ಹಾಗೆ ಸಿಳ್ಳೆ ಹಾಕುತ್ತಿತ್ತು, ಅದು ಸಿಳ್ಳೆ. ಮೂರನೆಯದು ಗುಡ್ಡದ ಮೇಲಿನ ಕೆರೆಯಿಂದ ಬೀಳುವ ನೀರಿಗೆ ತಿರುಗುವುದು, ಗಂಗವ್ವ. ಒಂದು ನೆಲಮಟ್ಟದಲ್ಲಿ, ಒಂದು ಎತ್ತರದಲ್ಲಿ, ಒಂದು ಗುಡ್ಡದ ಬುಡದಲ್ಲಿ. ಒಂದರ ಕೇಬಲ್ಲು ಹೋದ ದಾರಿಯಲ್ಲಿ ಇನ್ನೊಂದರದು ಹೋಗುವಂತಿಲ್ಲ. ಆಯುಧಪೂಜೆಯ ದಿನ ಒಂದಕ್ಕೆ ಚೆಂಡುಹೂ, ಒಂದಕ್ಕೆ ಸೇವಂತಿಗೆ, ಗಂಗವ್ವನಿಗೆ ಮಾವಿನೆಲೆ. ಇದರಲ್ಲಿ ಮೇಡಂ ಎಷ್ಟು ಕಟ್ಟುನಿಟ್ಟು ಎಂದರೆ, ಮೂರಕ್ಕೂ ಒಂದೇ ಅಂಗಡಿಯ ಕುಂಕುಮ ಇಟ್ಟವನನ್ನು ಆ ದಿನ ಇಡೀ ಮಾತಾಡಿಸಲಿಲ್ಲ.

ಬೇರೆ ಇಡುವ ವಿದ್ಯೆ ಮೇಡಂಗೆ ಹುಟ್ಟಿನಿಂದ ಬಂದದ್ದು. ಅವರು ಅವಳಿ. ಒಂದೇ ಹೊಟ್ಟೆಯಲ್ಲಿ ಒಂದೇ ಮುಖದ ಎರಡು ಹೆಣ್ಣು ಹುಟ್ಟಿದ್ದನ್ನು ನೋಡಿ ಅವರ ತಾಯಿ ಬಾಣಂತಿ ಮಂಚದಲ್ಲೇ ಕೆಲಸ ಶುರು ಮಾಡಿದರಂತೆ. ಕ್ಯಾಲೆಂಡರು ನೋಡಿ ದೊಡ್ಡದಕ್ಕೆ ಮಂದಾಕಿನಿ ಎಂದು ಹೆಸರಿಟ್ಟರು. ಚಿಕ್ಕದಕ್ಕೆ ಯಾವ ದಿಕ್ಕಿನಿಂದಲೂ ಅದನ್ನು ಹೋಲದ ಹೆಸರು ಬೇಕಿತ್ತು, ಚೌಡಮ್ಮ ಎಂದಿಟ್ಟರು. ಒಂದಕ್ಕೆ ಹಾಲು, ಒಂದಕ್ಕೆ ಗಂಜಿ. ಒಂದಕ್ಕೆ ಮೆತ್ತಗೆ ಮಾತಾಡು ಎಂದು ಬೈಗುಳ, ಇನ್ನೊಂದಕ್ಕೆ ಮೆತ್ತಗೆ ಮಾತಾಡಿದ್ದಕ್ಕೆ ಬೈಗುಳ. ಮಂದಾಕಿನಿ ಬಲಗೈಯಲ್ಲಿ ಬರೆದರೆ ಚೌಡಿಗೆ ಎಡಗೈ. ಮಂದಾಕಿನಿಯನ್ನು ಓದಿಸಿದರು, ಚೌಡಿಯನ್ನು ಮದುವೆ ಮಾಡಿದರು. ಒಂದು ಮಗುವಿಗೆ ಜ್ವರ ಬಂದರೆ ಇನ್ನೊಂದು ಉಳಿಯಬೇಕು ಎನ್ನುವುದಷ್ಟೇ ಆ ತಾಯಿಯ ಆಸೆ. ಉಳಿದವು, ಎರಡೂ. ಆದರೆ ಚೌಡಮ್ಮ ನನಗೊಮ್ಮೆ ಹೇಳಿದ್ದುಂಟು, "ಅಕ್ಕ ಏನ್ ಮಾಡ್ತಾಳೆ ಅಂತ ನೋಡ್ಕಂಡು ಅದಕ್ಕೆ ಉಲ್ಟಾ ಮಾಡೋದ್ರಲ್ಲೇ ನನ್ ಆಯಸ್ಸು ಮುಗೀತು ಕಣಪ್ಪ. ನಂಗೇನು ಇಷ್ಟ ಅಂತ ನಂಗೇ ಗೊತ್ತಾಗ್ಲಿಲ್ಲ."

ವರ್ಷಗಳು ಹೋದವು. ದುಂಡನನ್ನು ನೋಡಿಕೊಳ್ಳುತ್ತಿದ್ದವರು ರಿಟೈರಾದರು. ಸಿಳ್ಳೆಯವರು ಕಿವಿ ಕೇಳಿಸದೆ ವರ್ಗ ಮಾಡಿಸಿಕೊಂಡರು. ಗಂಗವ್ವನ ಹತ್ತಿರ ಇದ್ದವನಿಗೆ ಮಂಡಿನೋವು, ಗುಡ್ಡದ ಬುಡಕ್ಕೆ ಇಳಿಯಲಾರೆ ಎಂದ. ಆ ಜಾಗಗಳಿಗೆ ಜನ ಬರಲಿಲ್ಲ. ಒಂದೊಂದಾಗಿ ಎಲ್ಲ ಕೆಲಸವೂ ಮಂದಾಕಿನಿಯವರ ಮೇಲೆ ಬಂದು ಕೂತಿತು. ಯಂತ್ರಗಳನ್ನು ಸುಮ್ಮನೆ ಬಿಟ್ಟರೆ ಮೊಂಡಾಗುತ್ತವೆ, ಆಗಾಗ ಎಬ್ಬಿಸಿ ಓಡಿಸಿ ಮತ್ತೆ ನಿಲ್ಲಿಸಬೇಕು. ದುಂಡನನ್ನು ನಿಲ್ಲಿಸಿ ಸಿಳ್ಳೆಗೆ ಹತ್ತುತ್ತಿದ್ದರು, ಸಿಳ್ಳೆಯನ್ನು ನಿಲ್ಲಿಸಿ ಗಂಗವ್ವನಿಗೆ ಇಳಿಯುತ್ತಿದ್ದರು. ನಡುವೆ ಇಲ್ಲಿ ಬಂದು ಟೀ ಹಿಡಿದು ಕೂತರೆ ಟೀ ಕೆನೆಗಟ್ಟುವವರೆಗೂ ಅದನ್ನೇ ನೋಡುತ್ತಿದ್ದರು. "ಮೇಡಂ, ಟೀ" ಎಂದರೆ "ಗೊತ್ತು ಸಿದ್ದರಾಜು" ಎನ್ನುತ್ತಿದ್ದರು. ಕುಡಿಯುತ್ತಿರಲಿಲ್ಲ.

ಆ ಹೊತ್ತಿಗೆ ಚೌಡಮ್ಮನ ಗಂಡ ತೀರಿಕೊಂಡು ಆಕೆ ಅಕ್ಕನ ಮನೆಗೇ ಬಂದಿದ್ದರು. ಅಕ್ಕನ ಸ್ಥಿತಿ ನೋಡಲಾರದೆ ಒಂದು ಉಪಾಯ ಮಾಡಿದರು. "ಅಕ್ಕ, ನಾವಿಬ್ರೂ ಒಂದೇ ಥರ ಆಗ್ಬಿಡಣ. ನಾ ಮನೇಲಿ ಬಿದ್ಕಂಡು ನಿದ್ದೆ ಮಾಡ್ತೀನಿ, ನಿಂಗೆ ಅಲ್ಲೇ ಮೈ ಹಗುರ ಆಗುತ್ತೆ. ನಂಗಂತೂ ಮಾಡಕ್ಕೆ ಇನ್ನೇನಿದೆ?"

ಅವ್ವ ಬದುಕಿದ್ದರೆ ಕೊಂದೇ ಹಾಕುತ್ತಿದ್ದಳು ಎಂದು ಮಂದಾಕಿನಿ ಹೆದರಿದರು. ಆದರೆ ಸುಸ್ತಾದವರ ಹೆದರಿಕೆ ಎಷ್ಟು ಹೊತ್ತು ನಿಲ್ಲುತ್ತದೆ? ಒಂದೇ ಥಾನಿನ ಬಟ್ಟೆಯಲ್ಲಿ ಎರಡು ಸೀರೆ ಕತ್ತರಿಸಿದರು. ಒಂದೇ ಕಡೆ ಬೈತಲೆ ತೆಗೆದರು. ಚೌಡಮ್ಮ ಬಳೆ ತೆಗೆದಿಟ್ಟು, ಅಕ್ಕನ ಹಾಗೆ ಹೆಗಲು ಇಳಿಬಿಟ್ಟು, ಕನ್ನಡಿಯ ಮುಂದೆ ನಿಂತು ಇಬ್ಬರೂ ನೋಡಿಕೊಂಡರು. ಹುಟ್ಟಿದ ದಿನದಿಂದ ಅಷ್ಟು ಹತ್ತಿರ ಅವರು ನಿಂತದ್ದೇ ಇಲ್ಲವಂತೆ. ಚೌಡಮ್ಮನಿಗೆ ಅಳು ಬಂತು. ಕೂಡಲೇ ಮಂದಾಕಿನಿಗೂ ಬಂತು. ಸರಿ, ಕೆಲಸ ಆಯಿತು ಎಂದು ಗೊತ್ತಾಯಿತು.

ಮಧ್ಯಾಹ್ನ ಊಟ ಮಾಡಿ ಚೌಡಮ್ಮ ಚಾಪೆ ಹಾಸಿ ಮಲಗಿದರು. ಇಲ್ಲಿ ಶೆಣೈಯವರ ಎದುರು, ಮೀಟಿಂಗಿನ ನಡುವೆ, ಮಂದಾಕಿನಿಯವರ ಹಣೆ ಮೇಜಿಗೆ ಹೋಗಿ ಟಪ್ಪೆಂದು ತಗುಲಿತು. ಗೊರಕೆಯೂ ಬಂತು. ನಿದ್ದೆಯ ಸುಖ ಮಾತ್ರ ಬರುತ್ತದೆ, ನಿದ್ದೆ ಬರುವುದಿಲ್ಲ ಎಂದು ಆ ಇಬ್ಬರು ಹೇಗೆ ಅಂದುಕೊಂಡರೋ! ನಾನು ಟೀ ಕೊಡಲು ಹೋದವನು ಗಾಬರಿಯಲ್ಲಿ ಲೋಟ ಬಗ್ಗಿಸಿದೆ, ಬಿಸಿ ಟೀ ಅವರ ಕೈಮೇಲೆ ಬಿತ್ತು. ಮನೆಯಲ್ಲಿ ಚೌಡಮ್ಮ ಕೈ ಝಾಡಿಸುತ್ತಾ ಎದ್ದು ಕೂತರು, ಇಲ್ಲಿ ಇವರೂ ಎದ್ದರು. ಸಂಜೆಗೆಲ್ಲ ಚೌಡಮ್ಮ ಮತ್ತೆ ಬಳೆ ಹಾಕಿಕೊಂಡು, ಹಳದಿ ಸೀರೆ ಉಟ್ಟು, ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು, ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. "ಉರೀತಾ ಇದ್ಯಾ ಚೌಡಿ?" ಎಂದು ಮಂದಾಕಿನಿ ಕೇಳಿದ್ದಕ್ಕೆ, "ಉರಿಗಲ್ಲ ಕಣಕ್ಕ, ಅರ್ಧ ದಿನ ಚೆನ್ನಾಗಿತ್ತು" ಎಂದರಂತೆ.

ಅದಾದ ಮೇಲೆ ಒಂದು ಸುಡುಬಿಸಿಲಿನ ಮಧ್ಯಾಹ್ನ, ಹೊರಗಿನ ಲೈನು ಹೋಯಿತು. ನಾನು ಪಾತ್ರೆ ತೊಳೆಸುತ್ತಿದ್ದೆ, ಚೌಡಮ್ಮ ಎಂದಿನಂತೆ ಅಕ್ಕನ ಊಟದ ಕ್ಯಾರಿಯರ್ ಹಿಡಿದು ಆಗಷ್ಟೇ ಬಂದಿದ್ದರು. ಫ್ಯಾನು ನಿಂತಿತು. ಫ್ಯಾನು ನಿಂತರೆ ನಾವು ಹೆದರುವುದಿಲ್ಲ, ಒಂದು ಉಸಿರು ಎಳೆಯುವಷ್ಟರಲ್ಲಿ ಗೋಡೆಯಾಚೆ ದುಂಡ ಗುಡುಗುತ್ತಾನೆ. ಗುಡುಗಲಿಲ್ಲ. ಸಿಳ್ಳೆ ಕೇಳಬೇಕಿತ್ತು, ಕೇಳಲಿಲ್ಲ. ಗೋಡೆಯ ಮೇಲಿನ ಗಂಗವ್ವನ ದೀಪ ಹಸಿರಾಗಬೇಕಿತ್ತು, ಆಗಲಿಲ್ಲ. ಅಷ್ಟು ದೊಡ್ಡ ಸ್ಥಾವರದಲ್ಲಿ ಕಾಗೆ ಕೂಗುವುದು ಕೇಳಿಸಿತು ನೋಡಿ.

ನಾವು ದುಂಡನ ಕೋಣೆಗೆ ಓಡಿದೆವು. ಶೆಣೈಯವರು ಅಲ್ಲೇ ಇದ್ದರು, ವರ್ಷಕ್ಕೊಮ್ಮೆ ನೋಡಲು ಬರುವ ಅವರಿಗೆ ಅದೇ ದಿನ ಒದಗಿಬಂದಿತ್ತು. "ಮೂರರಲ್ಲಿ ಎಂತದು ಒಂದೇ ಉಂಟು? ಹುಡುಕಿ, ಬೇಗ ಹುಡುಕಿ" ಎಂದು ಬೆವರುತ್ತಿದ್ದರು. ಎಣ್ಣೆ ಬೇರೆ, ಬಣ್ಣ ಬೇರೆ, ಕೇಬಲ್ಲಿನ ದಾರಿ ಬೇರೆ. ಯಾರೋ ಒಬ್ಬ ಹೋಗಿ ಒಣಗಿದ ಹಾರಗಳನ್ನೂ ಕಿತ್ತು ನೋಡಿದ. ಮಂದಾಕಿನಿ ಮಾತ್ರ ಯಾವುದನ್ನೂ ಹುಡುಕಲಿಲ್ಲ. ದುಂಡನ ಪಕ್ಕದ ಹಿಡಿಯನ್ನು ನೋಡುತ್ತಾ ನಿಂತಿದ್ದರು. ಹಿಡಿ ಮೇಲಿದ್ದರೆ ಯಂತ್ರ ತಾನಾಗಿ ಏಳುತ್ತದೆ. ಕೆಳಗಿಳಿಸಿದರೆ ಏಳುವುದಿಲ್ಲ, ರಿಪೇರಿ ಮಾಡುವವರ ಕೈ ಸಿಕ್ಕಿಹಾಕಿಕೊಳ್ಳಬಾರದೆಂದು ಹಾಗೆ ಇಟ್ಟಿದ್ದು. ಹಿಡಿ ಕೆಳಗಿತ್ತು. ಅವರು ಅದನ್ನು ಮೇಲೆತ್ತಿದರು. ದುಂಡ ಒಮ್ಮೆ ನರಳಿ ಸುಮ್ಮನಾದ. ಸಿಳ್ಳೆಯ ಕಡೆ ಓಡಿದರು, ಅಲ್ಲೂ ಹಿಡಿ ಕೆಳಗೆ. ಗಂಗವ್ವನ ಹತ್ತಿರ ಇಳಿದರು, ಅಲ್ಲೂ ಕೆಳಗೆ. ಎತ್ತಿದರು. ಒಂದು ನರಳಿದಾಗ ಮೂರೂ ಒಟ್ಟಿಗೆ ನರಳುತ್ತಿದ್ದವು, ಒಟ್ಟಿಗೆ ಸುಮ್ಮನಾಗುತ್ತಿದ್ದವು. ಏದುಸಿರು ಬಿಡುತ್ತಾ ವಾಪಸು ಬಂದು ದುಂಡನ ಕೋಣೆಯ ಮೆಟ್ಟಿಲ ಮೇಲೆ ಕುಸಿದರು.

"ಯಂತ್ರ ಮೂರೂ ಬೇರೆ ಸರ್. ಕೈ ಒಂದೇ. ನಂದು" ಎಂದರು.

ಶೆಣೈಯವರು ತಲೆ ಮೇಲೆ ಕೈಯಿಟ್ಟುಕೊಂಡು ಒಂದು ಡಬ್ಬದ ಮೇಲೆ ಕೂತರು. ಒಳಗೆ ಕಾವು ಏರುತ್ತಿದೆ ಎಂದು ಬ್ಯಾಟರಿಯ ದೀಪದಲ್ಲಿ ಯಾರೋ ಓದಿ ಹೇಳುತ್ತಿದ್ದರು. ಚೌಡಮ್ಮ ಅಕ್ಕನ ಎದುರು ಕುಕ್ಕರಗಾಲಿನಲ್ಲಿ ಕೂತು ಕೇಳಿದರು, "ಏನ್ ಮಾಡ್ದೆ ಅಕ್ಕ? ಸರಿಯಾಗ್ ಹೇಳು."

"ಓಡ್ಸಿ ನೋಡಿದ್ಮೇಲೆ ಹಿಡಿ ಇಳಿಸ್ತೀನಿ. ಬಟ್ಟೇಲಿ ಮೈ ಒರಸ್ತೀನಿ. ಆಮೇಲೆ ಹಿಡಿ ಎತ್ತಬೇಕು. ಮರ್ತಿದೀನಿ. ಮೂರ್ ಕಡೇನೂ ಮರ್ತಿದೀನಿ."

"ಈಗ ಎತ್ತಿದ್ಯಲ್ಲ, ಆದ್ರೂ ಯಾಕ್ ಏಳ್ತಿಲ್ಲ? ಇನ್ನೇನೋ ಐತೆ. ಹೇಳು."

ಮಂದಾಕಿನಿ ನೆಲ ನೋಡಿದರು. "ಒರಸ್ತಾ ಒರಸ್ತಾ... ನೀನಾದ್ರೂ ಮಲ್ಕೋ ಅಂತೀನಿ."

ಯಾರೂ ನಗಲಿಲ್ಲ. ನಗುವವನು ನಾನೊಬ್ಬನಿದ್ದೆ, ನನಗೂ ನಗು ಬರಲಿಲ್ಲ. ಅಷ್ಟು ಸುಸ್ತಾದ ದನಿಯಲ್ಲಿ, ಅಷ್ಟು ಮಮತೆಯಿಂದ, ಆ ಹೆಂಗಸು ಮೂರು ಯಂತ್ರಗಳನ್ನೂ ಮಲಗಿಸಿದ್ದರು. ಅವು ಮಲಗಿದ್ದವು. ಎಬ್ಬಿಸಲು ಹೋದ ಕೈಯೂ ಮಲಗಿಸಿದ ಕೈಯೇ.

ಚೌಡಮ್ಮ ಕ್ಯಾರಿಯರನ್ನು ನೆಲದ ಮೇಲಿಟ್ಟು ಎದ್ದರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಹೋಗಿ ಉಗುಳಿ ಬಂದರು. "ನಾ ಎಬ್ಬಿಸ್ಲಾ?" ಎಂದರು. ಶೆಣೈಯವರು ಮಂದಾಕಿನಿಯ ಮುಖ ನೋಡಿದರು. ಹೊರಗಿನವರು ಯಂತ್ರ ಮುಟ್ಟುವಂತಿಲ್ಲ. "ಹಿಡಿ ಇಳ್ಸಿ ಎತ್ತೋದಷ್ಟೇ ಚೌಡಿ. ನಾ ಪಕ್ಕದಲ್ಲೇ ಇರ್ತೀನಿ, ಮುಟ್ಟಲ್ಲ" ಎಂದರು ಮಂದಾಕಿನಿ. ಚೌಡಮ್ಮ ಎಡಗೈಯಲ್ಲಿ ಹಿಡಿಯನ್ನು ಇಳಿಸಿ ಎತ್ತಿದರು. ಬಲಗೈಯಲ್ಲಿ ದುಂಡನ ಪಕ್ಕೆಗೆ ರಪ್ಪೆಂದು ಒಂದು ಬಿಟ್ಟರು. ಕೆರೆಯ ಆಚೆ ದಡದ ಎಮ್ಮೆಗಳನ್ನು ಈಚೆ ದಡದಿಂದ ಕರೆಯುವ ಗಂಟಲು ಅದು.

"ಏಳೋ ಲೇ ಮೈಗಳ್ಳ! ಊರು ಬೇಯ್ತಾ ಐತೆ, ಬಿದ್ಕಂಡವ್ನೆ ಹಾಯಾಗಿ! ನಮ್ಮಕ್ಕ ಅಷ್ಟ್ ವರ್ಷದಿಂದ ರೆಪ್ಪೆ ಮುಚ್ಚಿಲ್ಲ, ನಿಂಗೆ ನಿದ್ದೆ ಬೇಕಾ ನಿದ್ದೆ? ಎದ್ದೇಳೋ!"

ದುಂಡ ಗುಡುಗಿದ. ಎಷ್ಟು ಜೋರು ಎಂದರೆ ಕ್ಯಾಂಟೀನಿನಲ್ಲಿ ಕಪಾಟಿನಿಂದ ಬಿದ್ದ ಲೋಟಗಳಿಗೆ ಆಮೇಲೆ ಹೊಸ ಸೊಟ್ಟ ಹಾಕಿಸುವ ಅಗತ್ಯವೇ ಬೀಳಲಿಲ್ಲ. ಪಂಪು ತಿರುಗಿತು. ಚೌಡಮ್ಮ ನಿಲ್ಲಲಿಲ್ಲ, ಸಿಳ್ಳೆಯ ಕಡೆ ಏರಿದರು, ಅಲ್ಲಿಂದಲೂ ಬೈಗುಳ ಕೇಳಿಸಿತು, ಅದು ಬೇರೆ ಬೈಗುಳ, ಹೆಣ್ಣುಮಕ್ಕಳ ಎದುರು ಹೇಳಲಾರೆ. ಚೌಡಮ್ಮ ಗಂಗವ್ವನನ್ನೂ ಎಬ್ಬಿಸಿ ಬರುವಷ್ಟರಲ್ಲಿ ಮಂದಾಕಿನಿ ದುಂಡನ ಬಿಸಿ ಗೋಡೆಗೆ ಒರಗಿ, ಆ ಗುಡುಗಿನ ಪಕ್ಕದಲ್ಲೇ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ನಾವೆಲ್ಲ ಚೌಡಮ್ಮನನ್ನೇ ನೋಡಿದೆವು. ಅವರಿಗೆ ಒಂದು ಆಕಳಿಕೆಯೂ ಬರಲಿಲ್ಲ. ಅಕ್ಕನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಣ್ಣು ಬಿಟ್ಟುಕೊಂಡು, ಲೈನು ವಾಪಸು ಬರುವ ತನಕ ಹಾಗೇ ಕೂತಿದ್ದರು. ಅವರ ಅವ್ವ ಪಟ್ಟ ಪಾಡು ಯಾಕಾಗಿ ಎಂದು ನನಗೆ ಅಂದು ಅರ್ಥವಾಯಿತು.

ಆಮೇಲೆ ಶೆಣೈಯವರು ಒಂದು ನಿಯಮ ಮಾಡಿದರು: ಒಂದು ಯಂತ್ರ ಮುಟ್ಟಿದ ಕೈ ಇನ್ನೊಂದನ್ನು ಮುಟ್ಟಬಾರದು. ಓಡಾಡಿ, ಮೇಲಿನವರ ಕಾಲು ಹಿಡಿದು, ಮೂರಕ್ಕೂ ಬೇರೆ ಬೇರೆ ಜನ ಹಾಕಿಸಿದರು. ದುಂಡನಿಗೆ ಚೌಡಮ್ಮನನ್ನೇ ಸಹಾಯಕಿ ಎಂದು ನೇಮಿಸಿದರು, ಬೈಯುವುದು ಕೆಲಸದ ಭಾಗ ಎಂದು ಎಲ್ಲೂ ಬರೆಯಲಿಲ್ಲ. ಆದರೆ ಕಂಟ್ರೋಲ್ ರೂಮಿನಲ್ಲಿ ಕೂತು ಮೂರನ್ನೂ ಒಟ್ಟಿಗೆ ನೋಡುವ ಕೆಲಸ ಬೇರೆ. ಅದಕ್ಕೆ ಓದಿದವರು ಬೇಕು, ಅಲ್ಲಿ ಇರುವುದು ಈಗಲೂ ಮಂದಾಕಿನಿ ಮೇಡಂ ಒಬ್ಬರೇ. ಆ ಎರಡನೆಯ ಕುರ್ಚಿಗೇ ನೀವು ಬಂದಿರುವುದು.

ಹಿಂದೆ ಬಂದವರು ದಡ್ಡರಲ್ಲ. ಅವರ ಕಷ್ಟ ಏನೆಂದರೆ, ಚೆನ್ನಾಗಿ ಕಲಿತರು. ಕಲಿಸುವವರು ಮೇಡಂ ಒಬ್ಬರೇ, ಅವರು ಹೇಳಿದ್ದಕ್ಕೆಲ್ಲ ಹೂಂ ಎಂದರು, ಅವರು ಮಾಡಿದ ಹಾಗೆಯೇ ಮಾಡಿದರು. ಸ್ವಲ್ಪ ದಿನದಲ್ಲಿ ಒಬ್ಬ ಮೇಡಂ ಥರವೇ ಕಾಲೆಳೆದು ನಡೆಯತೊಡಗಿದ. ಮೇಡಂಗೆ ತಲೆನೋವು ಬಂದರೆ ಅವನು ಮಾತ್ರೆ ಕೇಳಿಕೊಂಡು ನನ್ನ ಹತ್ತಿರ ಬರುತ್ತಿದ್ದ. ಇನ್ನೊಬ್ಬಳು ಇಲ್ಲಿ ಕೂತು ಟೀ ಕೆನೆಗಟ್ಟುವುದನ್ನು ನೋಡುತ್ತಿದ್ದಳು. ಮೇಡಂ ಅದನ್ನು ನೋಡಿದ ದಿನವೇ ಅವಳನ್ನು ಕರೆದು, "ನೀನು ಊರಿಗೆ ಹೋಗಮ್ಮ, ಇಲ್ಲಿ ಇಬ್ರು ಇದ್ರೂ ಒಬ್ಳೇ ಇದ್ದ ಹಾಗೆ" ಎಂದು ಕಳಿಸಿಬಿಟ್ಟರು. ಆಮೇಲೆ ಇಲ್ಲೇ ಈ ಬೆಂಚಿನ ಮೇಲೆ ಕೂತು, "ನನ್ ಮಾತು ಕೇಳದೇ ಇರೋರು ಯಾರೂ ಬರಲ್ವೇನೋ ಸಿದ್ದರಾಜು" ಎಂದರು. ಕಣ್ಣು ಎಷ್ಟು ಕೆಂಪಗಿತ್ತೆಂದರೆ ಅತ್ತಿದ್ದೋ ಎಚ್ಚರವಿದ್ದದ್ದೋ ತಿಳಿಯಲಿಲ್ಲ.

ಏನಂದಿರಿ? ಹಿಡಿಯನ್ನೇ ತಪ್ಪಾಗಿ ಮಾಡಿದ್ದಾರೆಯೇ? ಕೈಬಿಟ್ಟರೆ ತಾನಾಗಿ ಮೇಲೆ ಹೋಗುವ ಹಾಗೆ ಸ್ಪ್ರಿಂಗ್ ಹಾಕಬೇಕಿತ್ತೇ, ರಿಪೇರಿ ಮಾಡುವವರು ಬೀಗ ಹಾಕಿಕೊಂಡು ಇಳಿಸಬೇಕಿತ್ತೇ? ಆಗ ಮರೆತರೂ ಕೀಲಿ ಜೇಬಿನಲ್ಲಿ ಚುಚ್ಚುತ್ತಿತ್ತೇ? ಇರಬಹುದು. ಇದನ್ನು ಮೇಡಂ ಎದುರು ಹೇಳಿದರೆ ಬೇಡ ಎನ್ನುತ್ತಾರೆ ನೋಡಿ, ಹೊಸದು ಏನು ಹೇಳಿದರೂ ಮೊದಲು ಬೇಡ ಎನ್ನುತ್ತಾರೆ, ಸುಸ್ತು. ಆದರೂ ಹೇಳುತ್ತೀರೇ? ಜಗಳ ಆಗುತ್ತದೆ. ಆಗಲಿ ಎನ್ನುತ್ತೀರೇ?

ಈಗ ಒಳಗೆ ಯಾರಿದ್ದಾರೆಂದರೆ ಇನ್ಯಾರು, ಅವರೇ. ಯಾವಾಗಿನಿಂದ ಎಂದು ಕೇಳಬೇಡಿ, ನಿನ್ನೆ ಬೆಳಗಿನ ತಿಂಡಿಗೆ ಬಂದಿದ್ದರು, ಅದಾದ ಮೇಲೆ ನಾನು ನೋಡಿಲ್ಲ. ಅದಿರಲಿ, ಇನ್ನೊಂದು ಇಡ್ಲಿ ಹಾಕಿಸಿಕೊಳ್ಳಿ, ನಮ್ಮ ಊರಿನ ಬಕೆಟ್ಟಿನ ಕಥೆ ಹೇಳುತ್ತೇನೆ, ಅದು ಇದಕ್ಕಿಂತ ಚೆನ್ನಾಗಿದೆ, ಅದೂ ಅಪ್ಪಟ ನಿಜ. ಒಂದೇ ಅಚ್ಚಿನ ಎರಡು ಪ್ಲಾಸ್ಟಿಕ್ ಬಕೆಟ್ಟು. ಒಂದು ಗುಡ್ಡದ ಕೆರೆಗೆ ಬಿತ್ತು. ಇನ್ನೊಂದು ನಮ್ಮತ್ತೆಯ ಬಚ್ಚಲಿನಲ್ಲಿತ್ತು, ಅದು ತಾನಾಗಿಯೇ ತುಂಬಿಕೊಂಡಿತು, ನಮ್ಮತ್ತೆ ಸ್ನಾನಕ್ಕೆಂದು ಚೊಂಬು ಮುಳುಗಿಸಿದರೆ ಅದರೊಳಗೆ... ಅರೆ, ಎದ್ದೇಬಿಟ್ಟಿರಲ್ಲ. ಹರಿಣಾಕ್ಷಿಯವರೇ, ಹೊರಗೆ ಹೋಗುವ ದಾರಿ ಅದಲ್ಲ, ಅದು ಕಂಟ್ರೋಲ್ ರೂಮಿನ ಬಾಗಿಲು. ನಿಲ್ಲಿ, ಮೀನಿನ ವಿಷಯ ಇನ್ನೂ ಬಂದೇ ಇಲ್ಲ. ನಮ್ಮತ್ತೆ ಆ ಮೀನನ್ನು ಹಿಡಿದು ಒಲೆಯ ಮೇಲಿಟ್ಟ ಕೂಡಲೇ, ಅಲ್ಲಿ ಕೆರೆಯಲ್ಲಿ—